ಪಿಂಡ ಮುಟ್ಟದ ತಗಡಿನ ಕಾಗೆ

ಇಂದಿರಾಬಾಯಿ ಆಸ್ಪತ್ರೆಯಲ್ಲಿ ತೀರಿಕೊಂಡರೆಂಬ ಸುದ್ದಿ ಬಂದ ದಿನವೇ ನಗರಸಭೆಯವರು ಮನೆಗೆ ತಗಡಿನ ಕಾಗೆಯನ್ನು ತಂದುಕೊಟ್ಟರು. ನಿಜವಾದ ಕಾಗೆಗಳು ಅಳಿದ ಮೇಲೆ ಊರಿನಲ್ಲಿ ಅದೇ ರೂಢಿ. ಅದು ಹೋದವರ ದಿಂಬಿನ ಮೇಲೆ ಕೂತು, ಅವರ ಉಳಿದ ಆಸೆಯನ್ನು ತಿಳಿದುಕೊಳ್ಳುತ್ತಿತ್ತು. ಆ ಆಸೆ ನಡೆಸಿಕೊಡುತ್ತೇವೆಂದು ಮನೆಯವರು ಮಾತು ಕೊಡುವವರೆಗೆ ಪಿಂಡ ಮುಟ್ಟುತ್ತಿರಲಿಲ್ಲ.

ಹತ್ತನೆಯ ದಿನ ಹೊಳೆಯ ದಂಡೆಯಲ್ಲಿ ಅದು ಪಿಂಡದ ಮುಂದೆ ಸುಮ್ಮನೆ ಕೂತಿತು. ಮೊಮ್ಮಗಳು ಸುಮೇಧಾ ಕೈಮುಗಿದಳು. ಅವಳಿಗೆ ಮೆಡಿಕಲ್ ಸೀಟು ಎರಡು ಸಲ ತಪ್ಪಿತ್ತು. ಎಂ.ಎಸ್ಸಿ. ಮಾಡಿದವರಿಗೆ ಹೆಚ್ಚುವರಿ ಅಂಕ ಕೊಡುತ್ತಾರೆ, ಮುಂದಿನ ಸಲ ಸಿಕ್ಕೀತೆಂದು ಎಲ್ಲರೂ ಹೇಳಿದ್ದರು. ಯಾವ ವಿಷಯವೆಂದು ಮಾತ್ರ ತೀರ್ಮಾನವಾಗಿರಲಿಲ್ಲ.

“ಅಜ್ಜೀ, ಅನಾಟಮಿ ತಗೋತೀನಿ. ಅದಕ್ಕೇ ಹೆಚ್ಚು ಅಂಕ ಕೊಡ್ತಾರಂತ.”

ಕಾಗೆ ಕದಲಲಿಲ್ಲ.

“ಬಯೋಕೆಮಿಸ್ಟ್ರಿ?”

“ಅಕಿಗೆ ಈ ಹೆಸರು ಯಾವೂ ಗೊತ್ತಿರಲಿಲ್ಲವ್ವಾ,” ಎಂದರು ಅಜ್ಜ ಗುಂಡಾಚಾರ್ಯರು. “ದಿನಾ ಮುಂಜಾನೆ ಅಕಿ ನಾಡಿ ನೋಡ್ತಿದ್ದಿ. ಸೀಟು ತಪ್ಪಿದ ಮ್ಯಾಲೆ ಬಿಟ್ಟಿ. ಆಮ್ಯಾಲೂ ಅಕಿ ಕೈ ಮುಂದ ಮಾಡಿಕೊಂಡೇ ಕೂಡ್ತಿದ್ಲು.”

ಅವರು ತಮ್ಮ ಕೈ ಚಾಚಿದರು. ಸುಮೇಧಾ ಮೂರು ಬೆರಳಿಟ್ಟಳು. ಅವಳ ಕಣ್ಣುಗಳು ತುಂಬಿದವು.

“ಅಜ್ಜಾ, ಎಷ್ಟು ಜೋರು ಓಡ್ಲಿಕ್ಕತ್ತದ!”

“ಕಾಗಿ ಹಿಂಗ ಹಟ ಹಿಡಿದ್ರ ಓಡದೇ ಏನು ಮಾಡ್ತದ?”

ಅವಳು ಅಳುತ್ತಲೇ ನಕ್ಕಳು. “ಫಿಸಿಯಾಲಜಿ ತಗೋತೀನಿ. ಅದರಾಗ ಎದಿ, ನಾಡಿ ಎಲ್ಲಾ ಬರ್ತದ. ಸೀಟು ಸಿಗಲಿ ಬಿಡಲಿ, ದಿನಾ ನಿನ್ನ ನಾಡಿ ನೋಡ್ತೀನಿ, ಅಜ್ಜಾ.”

ಕಾಗೆ ಕುಪ್ಪಳಿಸಿ ಬಂದು ಪಿಂಡಕ್ಕೆ ಕೊಕ್ಕು ತಾಗಿಸಿತು.

ಗುಂಡಾಚಾರ್ಯರು ಕೈ ಹಿಂದೆಗೆಯದೆ ಹೊಳೆಯ ಕಡೆ ನೋಡಿದರು. “ನಾರಾಯಣಾ, ಅಕೀನ ನಿನ್ನ ಪಾದದಾಗ ಇಟ್ಟುಕೋ. ಅಕಿ ಜೀವಕ್ಕ ಶಾಂತಿ ಕೊಡು.”