ಐದನೆಯ ವರ

ಹುಡುಗ ಹುಡುಗಿ ಹತ್ತು ನಿಮಿಷ ಮಾತಾಡಿಕೊಳ್ಳಲಿ ಎಂದು ಹಿರಿಯರು ಇಬ್ಬರನ್ನೂ ಮಾಳಿಗೆಗೆ ಕಳಿಸಿದಾಗ ಅನುರಾಧಾ ಕೈಯಲ್ಲಿದ್ದ ಕಾದಂಬರಿಯನ್ನು ಕೆಳಗಿಡುವುದನ್ನೇ ಮರೆತಳು. ಬನಹಟ್ಟಿಯ ನೇಕಾರ ಮುರಗೆಪ್ಪನ ಈ ಮಗಳನ್ನು ನೋಡಲು ಬಂದ ಐದನೆಯ ವರ, ಮುಧೋಳದ ಚಿದಾನಂದ. ನಾಲ್ಕನೆಯವನು ತನ್ನ ಆದರ್ಶಗಳನ್ನು ಹೇಳುತ್ತಿರುವಾಗ ಅವಳು ನಕ್ಕುಬಿಟ್ಟಿದ್ದಳು. ಇವತ್ತೂ ನಕ್ಕರೆ ಆರನೆಯವನನ್ನು ತಾನು ಹುಡುಕುವುದಿಲ್ಲ ಎಂದು ಅಪ್ಪ ಬೆಳಿಗ್ಗೆಯೇ ಹೇಳಿಬಿಟ್ಟಿದ್ದ.

ಪಕ್ಕದ ಮನೆಯ ಮಗ್ಗಗಳ ಸದ್ದಿಗೆ ಚಿದಾನಂದ ಕೂಗಿಯೇ ಕೇಳಬೇಕಾಯಿತು.

"ಏನ ಓದಾಕತ್ತೀರಿ?"

"ಒಂದ ಮನಿತನದ ಕತಿರಿ. ಯಜಮಾನಗ ಸುಳ್ಳ ಹೇಳೂ ಚಟ. ಹೆಂಡತಿಗಿ ಶುಗರ್, ಆದ್ರ ಉಂಡಿ ಕದ್ದು ತಿಂತಾಳ. ಮಗ ದಿನಾ ನೌಕರಿಗಿ ಅಂತ ಡಬ್ಬಿ ಕಟ್ಟಿಸ್ಕೊಂಡು ಹೋಗಿ ಕೆರಿ ದಂಡಿ ಮ್ಯಾಲ ಮಲಗತಾನ."

"ಕಡೀಕ ಸುಧಾರಸ್ತಾರೇನು?"

"ಒಬ್ಬರೂ ಇಲ್ಲ. ಅದಕ್ಕ ಛಲೋ ಐತಿ. ನಾ ಮೂರನೇ ಸಲ ಓದಾಕತ್ತೇನಿ."

ಚಿದಾನಂದ ನೀರಿನ ಟಾಕಿ ದಾಟಿ ಒಂದು ಹೆಜ್ಜೆ ಹತ್ತಿರ ಬಂದ.

"ನಮ್ಮ ಕಾಕಾ ಕೆಳಗ ಹೇಳಿದ್ರಲ್ರಿ, ನಂದು ಬಿ.ಕಾಂ. ಆಗೇತಿ ಅಂತ. ಎರಡ ಸಲ ಕುಂತೀನಿ, ಆಗಿಲ್ಲ. ಈ ಕೂದಲಕ್ಕ ನಿನ್ನೆ ಬಣ್ಣ ಹಚ್ಚೇನಿ. ಇನ್ನೊಂದು, ನಾಯಿ ಕಂಡ್ರ ಓಡತೀನಿ."

"ಮುಧೋಳದಾವರಾಗಿ?"

"ಅದ ನೋಡ್ರಿ. ಊರಾಗ ಯಾರಿಗೂ ಹೇಳಿಲ್ಲ."

ಅನುರಾಧಾ ತುಟಿ ಕಚ್ಚಿ ಹಿಡಿದಳು. ಆಗಲಿಲ್ಲ. ಅವಳ ನಗೆಯನ್ನು ಮುಚ್ಚಲು ಮಗ್ಗದ ಸದ್ದೂ ಸಾಲಲಿಲ್ಲ. ಕೆಳಗೆ ಹಿರಿಯರು ಮಾತು ನಿಲ್ಲಿಸಿ ಕತ್ತೆತ್ತಿ ನೋಡಿದ್ದು ಅವಳಿಗೆ ಕಂಡಿತು. ಚಿದಾನಂದ ಸಿಟ್ಟಾಗಲಿಲ್ಲ. ಅವಳು ಕಣ್ಣೊರೆಸಿಕೊಳ್ಳುವ ತನಕ ಕಾದ.

"ಇನ್ನೂ ಅದಾವು. ಹೇಳ್ಲೇನು?"

"ತಡೀರಿ, ನನ್ನವೂ ಅದಾವು. ನೀವು ತಿಂದ ಶಿರಾ ಖಾನಾವಳೀದು. ನನಗ ಚಹಾ ಬಿಟ್ರ ಏನೂ ಮಾಡಾಕ ಬರೂದಿಲ್ಲ."

"ಚಹಾ ಛಲೋ ಆಗಿತ್ತರಿ."

"ಅದನ್ನ ಅವ್ವ ಮಾಡಿದ್ಲು."

ಹತ್ತು ನಿಮಿಷದ ಮಾತು ಮುಕ್ಕಾಲು ತಾಸು ನಡೆಯಿತು. ಮುಧೋಳದವರನ್ನು ಬೀಳ್ಕೊಟ್ಟು ಒಳಗೆ ಬಂದ ಮುರಗೆಪ್ಪನ ಮುಖ ಬಿಗಿದಿತ್ತು.

"ಮತ್ತ ನಕ್ಕಿ."

"ಹೂಂ."

"ಆತು ಬಿಡು. ಹುಡುಗ ಹೆಂಗದಾನ? ಅದನ್ನರ ಹೇಳು."

ಅನುರಾಧಾ ಕೈಯಲ್ಲಿ ಇನ್ನೂ ಇದ್ದ ಕಾದಂಬರಿಯನ್ನು ನೋಡಿ ಯೋಚಿಸಿದಳು. ಅಪ್ಪನಿಗೆ ಸುಳ್ಳು ಹೇಳುವುದು ಅವಳಿಗೆ ಬೇಕಿರಲಿಲ್ಲ.

"ಓದಾಕ ಭಾಳ ಛಲೋ ಅದಾನಪಾ."

ಮುರಗೆಪ್ಪ ಸಮಾಧಾನದಿಂದ ತಲೆಯಾಡಿಸಿದ.

"ಹುಡುಗ ಅಂದ್ರ ಹಂಗ ಶ್ಯಾಣ್ಯಾ ಇರಬೇಕ ನೋಡು."