ಬಿಸಿಲು ಬೀಳದ ಮೈ

ಕೊರೋನಾ ವಾರ್ಡಿನಿಂದ ಹೊರಬಂದ ಡಾಕ್ಟರಮ್ಮ, "ನಿಮ್ಮ ಯಜಮಾನ್ರ ಕೆಲಸ ಏನಮ್ಮ?" ಎಂದು ಕೇಳಿದಾಗ ಅವಳಿಗೆ ದಿಗಿಲಾಯಿತು.

"ಟಾಕೀಸಲ್ಲಿ ಆಪರೇಟರು. ಸಿನಿಮಾ ಬಿಡೋದು. ಯಾಕೆ ಡಾಕ್ಟ್ರೇ?"

"ಮೈಯಲ್ಲಿ ವಿಟಮಿನ್ ಡಿ ಇಲ್ಲವೇ ಇಲ್ಲ ಅನ್ನೋ ಹಾಗಿದೆ. ಬಿಸಿಲಿಗೇ ಹೋಗಲ್ವಾ?"

"ಬೆಳಗಿನ ಆಟಕ್ಕೆ ಆ ಕತ್ತಲ ಗೂಡು ಹೊಕ್ಕರೆ ಕೊನೇ ಆಟ ಮುಗಿಸಿಯೇ ಇಳಿಯೋದು. ಅವರು ಸೂರ್ಯನ್ನ ಪರದೆ ಮೇಲೆ ನೋಡಿದ್ದೇ ಹೆಚ್ಚು."

ಡಾಕ್ಟರಮ್ಮನ ಕಣ್ಣು ನಕ್ಕಂತಾಗಿ ಮತ್ತೆ ಗಂಭೀರವಾಯಿತು. ರಕ್ತದಲ್ಲಿ ಪ್ಲೇಟ್‌ಲೆಟ್ ದಿನದಿಂದ ದಿನಕ್ಕೆ ಕುಸಿಯುತ್ತಿತ್ತು. ಬೆಳಗ್ಗೆಯಿಂದ ಮೂಗಿನ ರಕ್ತ ನಿಂತಿರಲಿಲ್ಲ. "ವಿಟಮಿನ್ ಕೊರತೆಗೂ ಇದಕ್ಕೂ ನಂಟಿದೆಯಾ ಅಂತ ನಮಗೇ ಇನ್ನೂ ಸರಿಯಾಗಿ ಗೊತ್ತಿಲ್ಲ. ವಿಟಮಿನ್ ಕೊಡ್ತೀವಿ. ಆದ್ರೆ ಈಗ ತುರ್ತಾಗಿ ಬೇಕಿರೋದು ಪ್ಲೇಟ್‌ಲೆಟ್, ನಮ್ಮಲ್ಲಿ ಮುಗಿದುಹೋಗಿದೆ. ಸಂಜೆಯೊಳಗೆ ಕೊಡೋರನ್ನ ಯಾರನ್ನಾದ್ರೂ ಕರೆಸಿ."

ಅವಳು ಫೋನು ಹಿಡಿದಳು. ಮೈದುನ ತನಗೂ ಮೈ ಬೆಚ್ಚಗಿದೆ ಎಂದ. ಭಾವ, "ಆಸ್ಪತ್ರೆಗಾ? ಇಂಥಾ ಟೈಮಲ್ಲಾ?" ಎಂದು ಫೋನಿಟ್ಟರು. ಅಳಿಯನ ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಕೊನೆಗೆ ಟಾಕೀಸಿನ ಗೇಟಿನವನಿಗೆ ಹೇಳುವಷ್ಟರಲ್ಲಿ ಅವಳಿಗೆ ಅಳು ತಡೆಯಲಾಗಲಿಲ್ಲ.

ಮಧ್ಯಾಹ್ನ ಎದುರಿಗೆ ಬಂದು ನಿಂತವನನ್ನು ಕಂಡು ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಟಾಕೀಸಿನ ಮುಂದೆ ದುಪ್ಪಟ್ಟು ಬೆಲೆಗೆ ಬ್ಲಾಕ್ ಟಿಕೆಟ್ ಮಾರುತ್ತಿದ್ದವನು; ಊರಿಗೆಲ್ಲ ಅವನು 'ಡಬ್ಬಲ್'. ಒಮ್ಮೆ ಆಪರೇಟರೇ ಪೊಲೀಸರಿಗೆ ಫೋನು ಮಾಡಿ ಅವನನ್ನು ಹಿಡಿಸಿದ್ದ. ಠಾಣೆಯಲ್ಲಿ ಚೆನ್ನಾಗಿ ಏಟು ತಿಂದಿದ್ದನಂತೆ.

"ಅತ್ತಿಗೆ, ರಕ್ತ ಎಲ್ಲಿ ಕೊಡೋದು?"

"ನೀನಾ? ಅವತ್ತು ನಿನ್ನ ಹಿಡಿಸಿದ್ದು ಇವರೇ ಅಂತ..."

"ಗೊತ್ತು. ಗೇಟಿನವನ ಫೋನಲ್ಲಿ ನೀವು ಅಳೋದು ಕೇಳಿಸ್ತು. ಜಾಗ ತೋರಿಸಿ."

ರಕ್ತದ ಗುಂಪು ಹೊಂದಿತು. ಯಂತ್ರ ಪ್ಲೇಟ್‌ಲೆಟ್ಟನ್ನಷ್ಟೇ ಇಟ್ಟುಕೊಂಡು ಮಿಕ್ಕ ರಕ್ತವನ್ನು ಮೈಗೇ ಹಿಂದಿರುಗಿಸುತ್ತದೆ ಎಂದು ನರ್ಸ್ ಹೇಳಿದಾಗ ಅವನು ಮಲಗಿದಲ್ಲೇ ನಕ್ಕ. "ವಾಪಸ್ ಬೇರೆ ಕೊಡ್ತೀರಾ ಸಿಸ್ಟರ್? ನಮ್ಮ ವ್ಯಾಪಾರದಲ್ಲಿ ಆ ಪದ್ಧತಿನೇ ಇಲ್ಲ."

ಮರುದಿನ ಆಪರೇಟರನ ಮೂಗಿನ ರಕ್ತ ನಿಂತಿತು. ಜ್ವರ ಇಳಿಯಲು, ಉಸಿರು ಹದಕ್ಕೆ ಬರಲು ಇನ್ನೂ ಬಹಳ ದಿನ ಹಿಡಿಯಿತು. ಅಂತೂ ಮನೆ ಸೇರಿದ. ದಿನಾ ಬಿಸಿಲಿಗೆ ಮೈ ಒಡ್ಡಬೇಕೆಂದು ಡಾಕ್ಟರಮ್ಮ ಕಟ್ಟಪ್ಪಣೆ ಮಾಡಿದ್ದರು. ಹೆಂಡತಿ ಬಾಗಿಲ ಮುಂದೆ ಕುರ್ಚಿ ಹಾಕಿದಳು.

ಒಂದು ಬೆಳಗ್ಗೆ ಡಬ್ಬಲ್ ನೋಡಲು ಬಂದ. ದೂರದಲ್ಲೇ ಮೆಟ್ಟಿಲ ಮೇಲೆ ಕೂತ. ಆಪರೇಟರ್ ಅವನನ್ನೇ ನೋಡಿದ. ಇಷ್ಟು ವರ್ಷ ಅವನನ್ನು ಕಂಡಿದ್ದೆಲ್ಲ ಗೂಡಿನ ಬೀದಿ ಕಡೆಯ ಕಿಂಡಿಯಿಂದಲೇ, ಬರೀ ತಲೆ.

ಅವಳು ತಂದ ನೀರು ಕುಡಿಯಲು ಡಬ್ಬಲ್ ಮಾಸ್ಕ್ ಇಳಿಸಿದ. ಮುಂದಿನ ಎರಡು ಹಲ್ಲು ಇರಲಿಲ್ಲ.

"ಅದು... ಅವತ್ತು ಠಾಣೇಲಾ?" ಆಪರೇಟರ್ ಕುರ್ಚಿಯಿಂದ ಮುಂದಕ್ಕೆ ಬಾಗಿದ.

"ಬಿಡಿ ಅಣ್ಣ, ವಯಸ್ಸಾದ ಮೇಲೆ ಹಲ್ಲು ಉದುರದೆ ಇರುತ್ತಾ?" ಎಂದ ಡಬ್ಬಲ್, ಲೋಟ ಪೂರ್ತಿ ಖಾಲಿಯಾಗುವ ಮೊದಲೇ ಮಾಸ್ಕನ್ನು ಕಣ್ಣಿನವರೆಗೂ ಎಳೆದುಕೊಂಡ.