ಗದ್ದಲ

ಪ್ರಯೋಗಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಗಳಾದ ವಾರಿಜಾ, ಗುರುಪಾದ ಇಬ್ಬರ ಲೇಸರ್ ಬೆಳಕೂ ಒಂದೇ ಗಾಜಿನ ಎಳೆಯಲ್ಲಿ ಹರಿಯುತ್ತಿತ್ತು. ಒಬ್ಬೊಬ್ಬರ ಬೆಳಕಿಗೂ ಒಂದೊಂದು ಗುರುತಿನ ಕೋಡ್; ಯಾರ ಕೋಡ್ ಕೊಡುತ್ತೀರೋ ಅವರ ಸಂದೇಶವನ್ನಷ್ಟೇ ರಿಸೀವರ್ ಹೆಕ್ಕಿ ಕೊಡುತ್ತದೆ. ಉಳಿದದ್ದೆಲ್ಲ ಅದಕ್ಕೆ ಬರೀ ಗದ್ದಲ.

ತಾನು ಕಟ್ಟಿದ ಕೋಡನ್ನು ಗುರುಪಾದ ಕದ್ದಿದ್ದಾನೆಂದು ವಾರಿಜಾ ದೂರು ಕೊಟ್ಟಿದ್ದಳು. ಗೈಡ್ ಇಬ್ಬರನ್ನೂ ಎದುರುಬದುರು ನಿಲ್ಲಿಸಿದರು.

"ಕೋಡ್ ನಂದೇ ಸರ್. ನನ್ನ ಸಂದೇಶ ಎಷ್ಟು ಚೆನ್ನಾಗಿ ಬರ್ತಿದೆ ನೋಡಿ," ಎಂದು ಗುರುಪಾದ ತನ್ನ ರಿಸೀವರಿನ ಪರದೆಯಲ್ಲಿ ಕುಣಿಯುತ್ತಿದ್ದ ಗೆರೆ ತೋರಿಸಿದ. "ನಡುನಡುವೆ ಅದು ಕೆಡೋದು ಇವಳ ಗದ್ದಲದಿಂದ. ಹೊಟ್ಟೆಕಿಚ್ಚು ಸರ್ ಇವಳಿಗೆ!"

ವಾರಿಜಾ ತನ್ನ ಲೇಸರಿನ ಸ್ವಿಚ್ ಮೇಲೆ ಬೆರಳಿಟ್ಟಳು. "ಹಾಗಾದ್ರೆ ನನ್ನ ಲೇಸರ್ ಆಫ್ ಮಾಡ್ಲಾ?"

"ಮಾಡು. ಪೀಡೆ ತೊಲಗ್ಲಿ!"

ಅವಳು ಸ್ವಿಚ್ ಒತ್ತಿದಳು.

ಗುರುಪಾದನ ಲೇಸರ್ ಇನ್ನೂ ಉರಿಯುತ್ತಲೇ ಇತ್ತು; ಆದರೂ ಅವನ ಪರದೆಯ ಮೇಲಿನ ಗೆರೆ ಚಪ್ಪಟೆಯಾಗಿ ಮಲಗಿತು.